ತಿರುಗದ ಡಿಸ್ಕಿಗೆ ಲಿನಕ್ಸ್



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಹೆಸರು ನೋಂದಾಯಿಸಿಕೊಂಡವರಿಗೆ ಇನ್ನೊಂದು ವರ್ಷದ ಭದ್ರತಾ ಪರಿಷ್ಕರಣೆ ಸಿಕ್ಕೀತು, ಅಷ್ಟೇ. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಹೀಗಾಗಿ 2016ರಲ್ಲೋ 2017ರಲ್ಲೋ ಕೊಂಡ, ಕೀಲಿಮಣೆ ಸವೆಯದ, ಪರದೆ ಒಡೆಯದ ಲ್ಯಾಪ್‌ಟಾಪ್‌ಗಳು ಒಂದೇ ದಿನದಲ್ಲಿ ಮುದಿಯಾದವು. ಅವುಗಳ ಒಡೆಯರು ಕೇಳುವುದು ಒಂದೇ ಪ್ರಶ್ನೆ: ಇದನ್ನು ಗುಜರಿಗೆ ಹಾಕುವುದೋ, ಇಟ್ಟುಕೊಳ್ಳುವುದೋ?

ಇಟ್ಟುಕೊಳ್ಳಿ ಎಂಬುದು ನನ್ನ ಉತ್ತರ. ಒಳಗಿನ ತಿರುಗುವ ಹಾರ್ಡ್ ಡಿಸ್ಕ್ ತೆಗೆದು, ತಿರುಗದ ಚಿಪ್ಪಿನ ಡ್ರೈವ್, ಅಂದರೆ ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ವಿಂಡೋಸ್ ಬದಲು ಲಿನಕ್ಸ್ ಕೂರಿಸಿ. ಹೇಗೆ ಕೂರಿಸಬೇಕು, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬಾರದು, ಯಾವುದಕ್ಕೆ ಕೆಡಿಸಿಕೊಳ್ಳಲೇಬೇಕು ಎಂಬುದು ಇವತ್ತಿನ ಮಾತು.

ನಾನಿರುವುದು ಅಹಮದಾಬಾದಿನ ನವರಂಗಪುರದಲ್ಲಿ. ಸಾಬರಮತಿಯ ಪಶ್ಚಿಮಕ್ಕೆ, ಗುಜರಾತ್ ವಿಶ್ವವಿದ್ಯಾಲಯದ ಮಗ್ಗುಲಿಗೆ. ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿಆರ್‌ಎಲ್, ಇರುವುದೂ ಇಲ್ಲೇ. ವಿಕ್ರಮ್ ಸಾರಾಭಾಯಿ ಅದನ್ನು ಕಟ್ಟಿದ್ದು 1947ರಲ್ಲಿ. ಈಗಿನ ಕಟ್ಟಡಕ್ಕೆ 1952ರಲ್ಲಿ ಅಡಿಗಲ್ಲು ಇಟ್ಟವರು ಬೆಂಗಳೂರಿನಿಂದ ಬಂದಿದ್ದ ಸಿ.ವಿ. ರಾಮನ್. ಉಡುಪಿಯ ಬಳಿಯ ಅದಮಾರಿನಿಂದ ಹೊರಟ ಹುಡುಗನೊಬ್ಬ ಸಾರಾಭಾಯಿ ಅವರ ಕೈಕೆಳಗೆ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿ 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದ. ಮುಂದೆ, 1975ರಲ್ಲಿ ಮೇಲಕ್ಕೇರಿದ ಆರ್ಯಭಟ ಉಪಗ್ರಹದ ನಿರ್ಮಾಣವನ್ನು ಮುನ್ನಡೆಸಿದ ಯು.ಆರ್. ರಾವ್ ಅವರೇ ಆ ಹುಡುಗ. ಆ ಕಾಸ್ಮಿಕ್ ಕಿರಣಗಳಿಗೂ ನಮ್ಮ ಕಂಪ್ಯೂಟರಿಗೂ ನಂಟುಂಟು. ಆಕಾಶದಿಂದ ಬರುವ ಈ ಕಣಗಳ ಬಳಗ ಕಂಪ್ಯೂಟರಿನ ಮೆಮೊರಿಯಲ್ಲಿ ಸೊನ್ನೆಯನ್ನು ಒಂದು ಮಾಡಬಲ್ಲದು, ಒಂದನ್ನು ಸೊನ್ನೆ ಮಾಡಬಲ್ಲದು ಎಂದು ಜೀಗ್ಲರ್ ಮತ್ತು ಲ್ಯಾನ್‌ಫರ್ಡ್ ಎಂಬಿಬ್ಬರು 1979ರಲ್ಲಿ ತೋರಿಸಿಕೊಟ್ಟರು. ಚಿಪ್ಪಿನಲ್ಲಿ ಬರೆದದ್ದು ಕಲ್ಲಿನಲ್ಲಿ ಕೊರೆದ ಹಾಗಲ್ಲ ಎಂಬುದನ್ನು ಮಾತ್ರ ಈಗ ಮನಸ್ಸಿನಲ್ಲಿಟ್ಟುಕೊಳ್ಳಿ.

ನಮ್ಮ ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಗುಜರಾತಿಗೆ ಬಂದವರು, ನಿವೃತ್ತರಾದ ಮೇಲೂ ಇಲ್ಲೇ ಉಳಿದವರು. ಅವರ ಲ್ಯಾಪ್‌ಟಾಪಿನಲ್ಲಿ ಇರುವುದು 4 ಜಿಬಿ ರ್‍ಯಾಮ್, 500 ಜಿಬಿಯ ಹಾರ್ಡ್ ಡಿಸ್ಕ್. "ಅಲ್ಲವಾ, ಇದು ಚಾಲೂ ಆಗೂದ್ರೊಳಗ ನಂದು ಚಹಾ ಮುಗದಿರ್ತದ. ಇದಕ್ಕ ವಯಸ್ಸಾತೇನು?" ಎಂದರು. "ವಯಸ್ಸೇನೂ ಆಗಿಲ್ಲ ಕಾಕಾ, ಒಳಗಿನ ಡಿಸ್ಕ್ ಅಷ್ಟ ಬದಲಿ ಮಾಡೂಣ್ರಿ" ಎಂದೆ.

ಯಾಕೆ ಡಿಸ್ಕ್ ಅಷ್ಟೇ? ಲೆಕ್ಕ ನೋಡಿ. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ತಟ್ಟೆಯ ಮೇಲಿನ ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮೊದಲು ಮುಳ್ಳು ಸರಿಯಾದ ಗೆರೆಗೆ ಸರಿಯಬೇಕು. ಎರಡೂ ಸೇರಿದರೆ ಒಂದು ಸೆಕೆಂಡಿನಲ್ಲಿ ಅಲ್ಲಲ್ಲಿ ಚದುರಿದ ಅರವತ್ತು ಎಪ್ಪತ್ತು ತುಣುಕು ಓದಿದರೆ ಅದೇ ಹೆಚ್ಚು. ಕಂಪ್ಯೂಟರ್ ಏಳುವಾಗ ಓದುವುದು ಇಂಥ ಸಾವಿರಾರು ಸಣ್ಣ ಕಡತಗಳನ್ನು. ಎಸ್‌ಎಸ್‌ಡಿಯಲ್ಲಿ ಮುಳ್ಳೂ ಇಲ್ಲ, ತಟ್ಟೆಯೂ ಇಲ್ಲ. ಒಂದು ತುಣುಕಿಗೆ ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗವೂ ಬೇಕಾಗುವುದಿಲ್ಲ. ಪ್ರೊಸೆಸರ್ ಇಷ್ಟು ವರ್ಷ ಸುಮ್ಮನೆ ಡಿಸ್ಕಿನ ದಾರಿ ಕಾಯುತ್ತ ಕುಳಿತಿತ್ತು.

ಈ ಎಸ್‌ಎಸ್‌ಡಿಯ ಒಳಗಿರುವುದು ನ್ಯಾಂಡ್ ಫ್ಲ್ಯಾಶ್. 1987ರಲ್ಲಿ ತೋಶಿಬಾ ಕಂಪನಿಯ ಫುಜಿಯೊ ಮಸುವೊಕಾ ಮತ್ತು ಸಂಗಡಿಗರು ಜಗತ್ತಿಗೆ ತೋರಿಸಿದ ತಂತ್ರ. ಕಿರಿದಾದ ಕೋಶದಲ್ಲಿ ವಿದ್ಯುತ್ ಕಣಗಳನ್ನು ಕೂಡಿಹಾಕಿಟ್ಟರೆ ಕರೆಂಟು ಹೋದರೂ ಅವು ಅಲ್ಲೇ ಕುಳಿತಿರುತ್ತವೆ. ಆದರೆ ಇದಕ್ಕೊಂದು ವಿಚಿತ್ರ ಸ್ವಭಾವ ಇದೆ, ಲಿನಕ್ಸಿಗೆ ಸಂಬಂಧಪಟ್ಟ ಮಾತೆಲ್ಲ ಅಲ್ಲಿಂದಲೇ ಹುಟ್ಟುವುದು. ನಾವು ಶಾಲೆಗೆ ಹೋಗುವಾಗಿನ ಪಾಟಿಯನ್ನು ನೆನಪಿಸಿಕೊಳ್ಳಿ. ಸಾಲು ಸಾಲಾಗಿ ಬರೆಯಬಹುದು. ಆದರೆ ಈ ಪಾಟಿಯಲ್ಲಿ ಒಂದು ಸಾಲು ಮಾತ್ರ ಒರೆಸುವ ಹಾಗಿಲ್ಲ. ಒರೆಸುವುದಾದರೆ ಇಡೀ ಪಾಟಿಯನ್ನೇ ತೊಳೆಯಬೇಕು. ಬರೆಯುವ ಸಾಲಿಗೆ ಪೇಜ್ ಎನ್ನುತ್ತಾರೆ, ಕೆಲವೇ ಕಿಲೋಬೈಟ್. ತೊಳೆಯುವ ಪಾಟಿಗೆ ಬ್ಲಾಕ್ ಎನ್ನುತ್ತಾರೆ, ನೂರಾರು ಪೇಜ್ ಸೇರಿದ್ದು. ಹೀಗಾಗಿ ಒಂದು ಸಾಲು ತಿದ್ದಬೇಕಾದಾಗ ಡ್ರೈವ್ ಹಳೆಯದರ ಮೇಲೆ ಬರೆಯುವುದೇ ಇಲ್ಲ. ಖಾಲಿ ಇರುವ ಬೇರೆ ಪಾಟಿಯಲ್ಲಿ ಹೊಸ ಸಾಲು ಬರೆದು, ಹಳೆಯದು ರದ್ದು ಎಂದು ತನ್ನ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಬಿಡುವಾದಾಗ ರದ್ದಾದ ಸಾಲುಗಳೇ ಹೆಚ್ಚಿರುವ ಪಾಟಿ ಹುಡುಕಿ, ಉಳಿದ ಒಳ್ಳೆಯ ಸಾಲುಗಳನ್ನು ಬೇರೆಡೆ ನಕಲು ಮಾಡಿ, ಅದನ್ನು ತೊಳೆದಿಡುತ್ತದೆ. ಪ್ರತಿ ತೊಳೆತಕ್ಕೂ ಕೋಶ ಅಷ್ಟಷ್ಟು ಸವೆಯುತ್ತದೆ. ಎಲ್ಲವೂ ಸಮವಾಗಿ ಸವೆಯುವಂತೆ ನೋಡಿಕೊಳ್ಳುವುದೂ ಡ್ರೈವಿನೊಳಗಿನ ಕಂಟ್ರೋಲರಿನ ಕೆಲಸ.

ತೊಡಕು ಎಲ್ಲಿ? ನೀವು ಒಂದು ಸಿನಿಮಾ ಅಳಿಸಿದಿರಿ ಎನ್ನಿ. ಲಿನಕ್ಸಿನ ಲೆಕ್ಕದಲ್ಲಿ ಆ ಜಾಗ ಖಾಲಿ. ಆದರೆ ಡ್ರೈವಿಗೆ ಆ ಸುದ್ದಿ ಯಾರು ಹೇಳಬೇಕು? ಹೇಳದಿದ್ದರೆ ಅದು ಆ ಸಿನಿಮಾದ ಸಾಲುಗಳನ್ನು ಒಳ್ಳೆಯವೆಂದೇ ತಿಳಿದು ಪಾಟಿಯಿಂದ ಪಾಟಿಗೆ ಹೊತ್ತು ತಿರುಗುತ್ತದೆ. ವೇಗ ತಗ್ಗುತ್ತದೆ, ಸವೆತ ಹೆಚ್ಚುತ್ತದೆ. ಆ ಸುದ್ದಿ ಮುಟ್ಟಿಸುವ ಸಂದೇಶದ ಹೆಸರು ಟ್ರಿಮ್. ಲಿನಕ್ಸಿನ ಇಎಕ್ಸ್‌ಟಿ4 ಕಡತ ವ್ಯವಸ್ಥೆಗೆ ಟ್ರಿಮ್ ಬಂದದ್ದು 2010ರಲ್ಲಿ ಹೊರಬಂದ 2.6.33 ಕರ್ನಲ್‌ನಿಂದ; ಕರ್ನಲ್ ಅಂದರೆ ಲಿನಕ್ಸಿನ ತಿರುಳು.

ಅದೇ ಕಾಲದಲ್ಲಿ ಹುಟ್ಟಿಕೊಂಡ ಸಲಹೆಗಳ ದೊಡ್ಡ ಕಂತೆಯೊಂದಿದೆ, ಇವತ್ತಿಗೂ ಬಾಯಿಂದ ಬಾಯಿಗೆ ನಡೆಯುತ್ತಿದೆ. ಕಡತ ಬದಲಿಸುವ ಮುನ್ನ ಟಿಪ್ಪಣಿ ಬರೆದಿಡುವ ಜರ್ನಲ್ ನಿಲ್ಲಿಸಿ. ಮೆಮೊರಿ ತುಂಬಿದಾಗ ಡಿಸ್ಕಿನಲ್ಲಿ ಎರವಲು ಪಡೆಯುವ ಜಾಗ, ಅಂದರೆ ಸ್ವಾಪ್, ಇಡಲೇಬೇಡಿ. ಲಾಗ್ ಕಡತಗಳನ್ನು ಹಳೆಯ ಹಾರ್ಡ್ ಡಿಸ್ಕಿಗೆ ಸಾಗಿಸಿ. ಬ್ರೌಸರಿನ ಸಂಗ್ರಹವನ್ನು ರ್‍ಯಾಮಿಗೆ ತಳ್ಳಿ. ಕಡತ ಓದಿದ ಹೊತ್ತನ್ನು ಬರೆದಿಡದಂತೆ ನೋಎಟೈಮ್ ಹಾಕಿ. ಎಲ್ಲದರ ಹಿಂದೆ ಇದ್ದದ್ದು ಒಂದೇ ಭಯ: ಬರೆದು ಬರೆದು ಡ್ರೈವ್ ಸವೆದುಹೋದರೆ? ಅಂದಿನ ಸಣ್ಣ, ದುಬಾರಿ ಡ್ರೈವುಗಳಿಗೆ ಆ ಭಯ ಸಲ್ಲುತ್ತಿತ್ತೇನೋ. ಇಂದಿನ 500 ಜಿಬಿಯ ಹದವಾದ ಒಂದು ಡ್ರೈವಿಗೆ ತಯಾರಕರು ಸಾಮಾನ್ಯವಾಗಿ ಬರೆದುಕೊಡುವ ಬಾಳಿಕೆ 300 ಟೆರಾಬೈಟ್ ಬರವಣಿಗೆ. ಮನೆಯ ಬಳಕೆಯಲ್ಲಿ ದಿನಕ್ಕೆ 20 ಜಿಬಿ ಬರೆದರೂ 15,000 ದಿನ ಆಯಿತು. ನಲವತ್ತು ವರ್ಷ ದಾಟಿತು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಬಿಜಾಗರಿ ಕಿತ್ತು ಹೋಗಿರುತ್ತದೆ. ನಾಲ್ಕು ಕಾಸು ಉಳಿಸಲು ಜರ್ನಲ್ ನಿಲ್ಲಿಸಿದವರು, ಒಮ್ಮೆ ತಟ್ಟನೆ ಕರೆಂಟು ಹೋದಾಗ ಕಡತಗಳನ್ನೇ ಕಳೆದುಕೊಳ್ಳುವ ಅಪಾಯ ತಂದುಕೊಂಡಂತೆ. ನೋಎಟೈಮ್ ವಿಷಯವೂ ಅಷ್ಟೇ: 2009ರಿಂದ ಕರ್ನಲ್ ತಾನಾಗಿಯೇ ರಿಲೆಟೈಮ್ ಎಂಬ ಮಿತವ್ಯಯದ ದಾರಿ ಹಿಡಿದಿದೆ. ಹಾಕಿದರೆ ಕೇಡಿಲ್ಲ, ಹಾಕದಿದ್ದರೆ ನಷ್ಟವೂ ಇಲ್ಲ.

ಸ್ವಾಪ್ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. 4 ಜಿಬಿ ರ್‍ಯಾಮಿನ ಯಂತ್ರದಲ್ಲಿ ಸ್ವಾಪ್ ಇಲ್ಲದಿದ್ದರೆ, ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದ ಕೂಡಲೇ ಉಸಿರು ಕಟ್ಟುತ್ತದೆ, ಕರ್ನಲ್ ಯಾವುದೋ ಒಂದು ತಂತ್ರಾಂಶವನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಅದಕ್ಕಿಂತ ನಾಲ್ಕು ಜಿಬಿಯ ಸ್ವಾಪ್ ಕಡತ ಇರಲಿ. ಜೊತೆಗೆ ಝಡ್‌ರ್‍ಯಾಮ್ ಎಂಬ ಅನುಕೂಲ ಇದೆ. ರ್‍ಯಾಮಿನಲ್ಲಿರುವುದನ್ನೇ ಹಿಂಡಿ ಕಿರಿದು ಮಾಡಿ ಅಲ್ಲೇ ಇಡುತ್ತದೆ. ಫೆಡೋರಾ ಎಂಬ ಲಿನಕ್ಸ್ ವಿತರಣೆ 2020ರಿಂದ ಇದನ್ನು ಕೇಳದೆಯೇ ಕೊಡುತ್ತಿದೆ. ಹಳೆಯ ಯಂತ್ರಗಳಿಗೆ ಇದು ನಿಜವಾದ ಉಪಕಾರ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಕೊಳ್ಳುವಾಗಿನ ಎಚ್ಚರ. ಇಲ್ಲಿನ ಸಿ.ಜಿ. ರಸ್ತೆಯ ಕಡೆ ಕಂಪ್ಯೂಟರ್ ಅಂಗಡಿಗೆ ಹೋಗಿ ಲ್ಯಾಪ್‌ಟಾಪಿನ ಮಾದರಿ ಹೇಳಿದರೆ, ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಮುಂದಿಟ್ಟು "ಚಾಲ್ಶೆ ಬೇನ್, ಚಾಲ್ಶೆ" ಎನ್ನಬಹುದು. ನಡೆಯುತ್ತದೆ ಎಂಬ ಆ ಭರವಸೆಯನ್ನು ಸ್ವಲ್ಪ ಪರೀಕ್ಷಿಸಿ. ಹಳೆಯ ಲ್ಯಾಪ್‌ಟಾಪಿಗೆ ಬೇಕಾದದ್ದು ಸಾಮಾನ್ಯವಾಗಿ ಎರಡೂವರೆ ಇಂಚಿನ ಸಾಟಾ ಡ್ರೈವ್, 7 ಮಿಲಿಮೀಟರ್ ದಪ್ಪದ್ದು. ಹಳೆಯ ಡಿಸ್ಕ್ 9.5 ಮಿಲಿಮೀಟರಿನದಾದರೆ ಅಲುಗಾಡದಂತೆ ಪ್ಲಾಸ್ಟಿಕ್ ಚೌಕಟ್ಟೊಂದು ಬೇಕಾದೀತು. ಸ್ವಲ್ಪ ಹೊಸ ಯಂತ್ರಗಳಲ್ಲಿ ಎಂ.2 ಎಂಬ ಕಿಂಡಿ ಇರುತ್ತದೆ, ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟು ಅಗಲ, 22 ಮಿಲಿಮೀಟರ್. ಜನ ಮೋಸ ಹೋಗುವುದು ಇಲ್ಲೇ. ಒಂದೇ ಆಕಾರದ ಪಟ್ಟಿ ಎರಡು ಬೇರೆ ಭಾಷೆ ಆಡುತ್ತದೆ: ಒಂದು ಸಾಟಾ, ಇನ್ನೊಂದು ಎನ್‌ವಿಎಂಇ. ಸಾಟಾ ಮಾತ್ರ ಬಲ್ಲ ಕಿಂಡಿಗೆ ಎನ್‌ವಿಎಂಇ ಹಾಕಿದರೆ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಮಾದರಿಯ ಕೈಪಿಡಿ ನೋಡದೆ ಪಟ್ಟಿ ಕೊಳ್ಳಬೇಡಿ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ ಎನ್‌ವಿಎಂಇ ಅದರ ಹಲವು ಪಟ್ಟು ಓದುತ್ತದೆ, ನಿಜ. ಪತ್ರ ಬರೆಯುವವರಿಗೆ, ಮೊಮ್ಮಗಳ ಜೊತೆ ವಿಡಿಯೋ ಕರೆ ಮಾಡುವವರಿಗೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬಬೇಡಿ. ಎರಡು ಟೆರಾಬೈಟ್ ಎಂದು ಹೇಳಿಕೊಂಡು ಒಳಗೆ ಅದರ ಸಣ್ಣದೊಂದು ಪಾಲು ಮಾತ್ರ ಇರುವ ನಕಲಿ ಡ್ರೈವುಗಳು ಉಂಟು. ಬರೆಯುತ್ತ ಹೋದರೆ ಮೊದಲಿನದರ ಮೇಲೇ ಬರೆಯುತ್ತವೆ. ಲಿನಕ್ಸಿನಲ್ಲಿ ಎಫ್3 ಎಂಬ ಪುಟ್ಟ ತಂತ್ರಾಂಶ ಇದೆ, ಡ್ರೈವ್ ತುಂಬ ಬರೆದು, ತಿರುಗಿ ಓದಿ, ಹೇಳಿದಷ್ಟು ಜಾಗ ಇದೆಯೇ ಎಂದು ಹೇಳಿಬಿಡುತ್ತದೆ. ಪೊಟ್ಟಣ ಒಡೆದ ದಿನವೇ ಮಾಡಿ, ವಾಪಸು ಕೊಡುವ ಗಡುವಿನೊಳಗೆ.

ಇನ್ನು ಕೂರಿಸುವ ಕೆಲಸ. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರ ಎಬ್ಬಿಸಿದಾಗ ಹೊಸ ಡ್ರೈವ್ ಕಾಣದಿದ್ದರೆ ಗಾಬರಿಯಾಗಬೇಡಿ. ಯಂತ್ರದ ಆರಂಭಿಕ ಸೆಟ್ಟಿಂಗಿನಲ್ಲಿ, ಅಂದರೆ ಬಯಾಸ್‌ನಲ್ಲಿ, ಡಿಸ್ಕಿನ ವಿಧಾನ ರೇಯ್ಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಎಂದಿದೆಯೇ ನೋಡಿ, ಎಎಚ್‌ಸಿಐ ಎಂದು ಬದಲಿಸಿ. ಅದೇ ಯಂತ್ರದಲ್ಲಿ ವಿಂಡೋಸನ್ನೂ ಉಳಿಸಿಕೊಳ್ಳುವವರಿಗೆ ಮಾತ್ರ ಎಚ್ಚರಿಕೆ: ಸಿದ್ಧತೆ ಇಲ್ಲದೆ ಹೀಗೆ ಬದಲಿಸಿದರೆ ವಿಂಡೋಸ್ ಏಳದೆ ಹೋಗಬಹುದು.

ಡ್ರೈವನ್ನು ಪಾಲು ಮಾಡುವುದನ್ನು ಆದಷ್ಟೂ ಲಿನಕ್ಸ್ ಕೂರಿಸುವ ತಂತ್ರಾಂಶಕ್ಕೇ, ಅಂದರೆ ಅನುಸ್ಥಾಪಕಕ್ಕೇ ಬಿಡಿ. ತಾವೇ ಮಾಡುವ ಹುರುಪಿದ್ದವರು ಯಂತ್ರ ಏಳಲು 512 ಎಂಬಿಯ ಇಎಫ್‌ಐ ಪಾಲು, ವ್ಯವಸ್ಥೆಗೆ 50 ಜಿಬಿ, ಉಳಿದದ್ದು ನಿಮ್ಮ ಕಡತಗಳಿರುವ ಹೋಮ್ ಪಾಲಿಗೆ, ಹೀಗೆ ಮಾಡಬಹುದು. ಹಿಂದೆ ಪಾಲುಗಳು ಡಿಸ್ಕಿನ 63ನೆಯ ಸೆಕ್ಟರಿನಿಂದ, ಅಂದರೆ 63ನೆಯ ತುಣುಕಿನಿಂದ ಶುರುವಾಗುತ್ತಿದ್ದವು. ಒಂದು ಗೆರೆಯಲ್ಲಿ 63ಕ್ಕಿಂತ ಹೆಚ್ಚು ಸೆಕ್ಟರ್ ಎಣಿಸಲಾಗದ ಹಳೆಯ ಬಯಾಸ್ ಬಿಟ್ಟುಹೋದ ಪಳೆಯುಳಿಕೆ ಅದು. ಆ ಲೆಕ್ಕ ಎಸ್‌ಎಸ್‌ಡಿಯ ಪೇಜಿಗೆ ಹೊಂದುವುದಿಲ್ಲ. ಒಂದು ಬರವಣಿಗೆ ಎರಡು ಪೇಜಿನ ಮೇಲೆ ಬಿದ್ದು ಕೆಲಸ ಇಮ್ಮಡಿಯಾಗುತ್ತದೆ. ಈಗಿನ ಅನುಸ್ಥಾಪಕಗಳೆಲ್ಲ 2048ನೆಯ ಸೆಕ್ಟರಿನಿಂದ, ಅಂದರೆ ಸರಿಯಾಗಿ ಒಂದು ಎಂಬಿಯಿಂದ ಶುರು ಮಾಡುತ್ತವೆ. ವಿಂಡೋಸ್ ಎಕ್ಸ್‌ಪಿ ಕಾಲದ ಡಿಸ್ಕನ್ನು ಇದ್ದದ್ದು ಇದ್ದ ಹಾಗೆಯೇ ಹೊಸ ಡ್ರೈವಿಗೆ ನಕಲು ಮಾಡುವವರು ಮಾತ್ರ ಆ ಹಳೆಯ 63ನ್ನೂ ಹೊತ್ತು ತರುತ್ತಾರೆ. ಅದಕ್ಕೇ ನಾನು ನಕಲು ಮಾಡುವವಳಲ್ಲ. ಹೊಸದಾಗಿ ಕೂರಿಸಿ, ಕಡತಗಳನ್ನಷ್ಟೇ ತರುತ್ತೇನೆ.

ಆಮೇಲೆ ಟ್ರಿಮ್. ಉಬುಂಟು, ಮಿಂಟ್, ಫೆಡೋರಾ ಇವುಗಳಲ್ಲಿ ಎಫ್‌ಎಸ್‌ಟ್ರಿಮ್ ಎಂಬ ಗಡಿಯಾರ ವಾರಕ್ಕೊಮ್ಮೆ ತಾನೇ ಓಡಿ, ಖಾಲಿಯಾದ ಜಾಗಗಳ ಪಟ್ಟಿಯನ್ನು ಡ್ರೈವಿಗೆ ಒಪ್ಪಿಸುತ್ತದೆ. ಪ್ರತಿ ಅಳಿಕೆಗೂ ಆ ಕ್ಷಣವೇ ಟ್ರಿಮ್ ಕಳಿಸುವ ದಾರಿಯೂ ಇದೆ. ಹಳೆಯ ಸಾಟಾ ಡ್ರೈವುಗಳು ಅದಕ್ಕಾಗಿ ಉಳಿದ ಕೆಲಸವನ್ನೆಲ್ಲ ನಿಲ್ಲಿಸಬೇಕಾಗುತ್ತಿತ್ತು. ಮುಂದೆ ಸಾಲಿನಲ್ಲಿ ನಿಲ್ಲುವ ಟ್ರಿಮ್ ಬಂದಾಗ ಕೆಲವು ಮಾದರಿಗಳು ಅದನ್ನು ಸರಿಯಾಗಿ ನಿಭಾಯಿಸಲಿಲ್ಲ. ಅಂಥ ಮಾದರಿಗಳ ಪಟ್ಟಿಯೇ ಕರ್ನಲ್‌ನೊಳಗಿದೆ, ಅವುಗಳ ಹತ್ತಿರ ಆ ಮಾತು ಎತ್ತಬಾರದೆಂದು. ವಾರಕ್ಕೊಮ್ಮೆಯ ಪದ್ಧತಿಯೇ ಮನೆಗೆ ಸಾಕು. ಓಡುತ್ತಿದೆಯೇ ಎಂದು ನೋಡಲು ಟರ್ಮಿನಲ್‌ನಲ್ಲಿ ಸಿಸ್ಟಂಸಿಟಿಎಲ್, ಸ್ಟೇಟಸ್, ಎಫ್‌ಎಸ್‌ಟ್ರಿಮ್ ಡಾಟ್ ಟೈಮರ್ ಎಂದು ಬರೆಯಿರಿ; ಮೂರು ತುಂಡು, ನಡುವೆ ಒಂದೊಂದು ಖಾಲಿ ಜಾಗ. ಆಕ್ಟಿವ್ ಎಂದು ಬಂದರೆ ಮುಗಿಯಿತು. ಇಡೀ ಡಿಸ್ಕಿಗೆ ಗುಪ್ತಲಿಪಿಯ ಬೀಗ ಹಾಕುವವರು ಇನ್ನೊಂದು ಸಂಗತಿ ನೋಡಬೇಕು. ಯಾವ ಜಾಗ ಖಾಲಿ ಎಂಬುದೂ ಹೊರಗಿನವರಿಗೆ ತಿಳಿಯಬಾರದೆಂದು ಆ ಪದರ ಮೂಲತಃ ಟ್ರಿಮ್ಮನ್ನು ತಡೆಯುತ್ತದೆ. ಕೆಲವು ವಿತರಣೆಗಳು ಅದನ್ನು ತೆರೆದುಕೊಡುತ್ತವೆ, ಕೆಲವು ಇಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದಿಡುವುದು ಲೇಸು.

ನಮ್ಮ ಕಾಕಾನವರಿಗೆ ಇದಾವುದೂ ಬೇಕಿರಲಿಲ್ಲ. ಅವರು ಕೇಳಿದ್ದು ಕನ್ನಡ ಬರೆಯೂದು ಹ್ಯಾಂಗ ಎಂದು. ಕನ್ನಡಕ್ಕೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಭಾಷೆ ಬರೆಯಲು ನೆರವಾಗುವ ಐಬಸ್ ವ್ಯವಸ್ಥೆಯಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಹತ್ತು ನಿಮಿಷದ ಕೆಲಸ.

ಈಗ ಸೆಕೆಯ ಮಾತು. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ದಾಖಲಾಯಿತು. 2010ರ ಸೆಕೆಯ ಸಾವುನೋವು ಕಂಡ ಮೇಲೆ 2013ರಲ್ಲೇ ಈ ನಗರಪಾಲಿಕೆ ಬೇಸಿಗೆಗೆಂದೇ ಕಾರ್ಯಯೋಜನೆ ಮಾಡಿಕೊಂಡಿತ್ತು. ಮನುಷ್ಯರಿಗೆ ಯೋಜನೆ ಬೇಕಾದ ಊರಿನಲ್ಲಿ ಚಿಪ್ಪಿನ ಗತಿಯೇನು? ಚಾಲೂ ಇರುವಾಗ ಅಂಥ ಆತಂಕ ಇಲ್ಲ. ಡ್ರೈವುಗಳು ಸಾಮಾನ್ಯವಾಗಿ 70 ಡಿಗ್ರಿಯವರೆಗೆ ತಾಳುತ್ತವೆ. ಎನ್‌ವಿಎಂಇ ಪಟ್ಟಿ ಅತಿಯಾಗಿ ಬಿಸಿಯಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಯೋಚಿಸಬೇಕಾದದ್ದು ಕರೆಂಟಿಲ್ಲದೆ ಎತ್ತಿಟ್ಟ ಡ್ರೈವಿನ ಬಗ್ಗೆ. ಚಿಪ್ಪಿನ ಬರಹ ಕಲ್ಲಿನ ಕೊರೆತವಲ್ಲ ಎಂದೆನಲ್ಲ: ಕೋಶದಲ್ಲಿ ಕೂಡಿಹಾಕಿದ ವಿದ್ಯುತ್ ಕಣಗಳು ನಿಧಾನವಾಗಿ ಸೋರುತ್ತವೆ, ಬಿಸಿ ಹೆಚ್ಚಿದಂತೆ ಬೇಗ ಸೋರುತ್ತವೆ. ಜೆಡೆಕ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ ಗೃಹಬಳಕೆಯ ಡ್ರೈವಿನಿಂದ ಬಯಸುವುದು ಇಷ್ಟು: ಬರವಣಿಗೆಯ ಮಿತಿ ಪೂರ್ತಿ ಮುಟ್ಟಿದ ಮೇಲೂ, ಕರೆಂಟಿಲ್ಲದೆ, 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಯಬೇಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ತಾಳುತ್ತದೆ. ಬೇಸಿಗೆ ರಜೆಗೆ ಕಿಟಕಿ ಬಾಗಿಲು ಮುಚ್ಚಿ ಹುಬ್ಬಳ್ಳಿಗೋ ಉಡುಪಿಗೋ ತಿಂಗಳು ಹೋಗಿ ಬರುವವರು ಚಿಂತಿಸಬೇಕಾಗಿಲ್ಲ. ಆದರೆ ಸವೆದ ಹಳೆಯ ಎಸ್‌ಎಸ್‌ಡಿಯಲ್ಲಿ ಮದುವೆಯ ಫೋಟೋ ತುಂಬಿ, ಮೇಲ್ಮಹಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಮುಟ್ಟದೆ ಇಡುವುದಿದೆಯಲ್ಲ, ಅದು ಬೇಡ. ಎಷ್ಟು ಸವೆದಿದೆ ಎಂದು ತಿಳಿಯಲು ಸ್ಮಾರ್ಟ್‌ಸಿಟಿಎಲ್ ಎಂಬ ತಂತ್ರಾಂಶ ಇದೆ. ಎಷ್ಟು ಬರೆದಾಗಿದೆ, ಎಷ್ಟು ಗಂಟೆ ಓಡಿದೆ, ಎಲ್ಲ ಹೇಳುತ್ತದೆ. ಬಳಸಿದ ಡ್ರೈವನ್ನು ಕೊಳ್ಳುವವರಿಗೂ ಅದೇ ಜಾತಕ.

ಅಂದ ಹಾಗೆ, ಇಂಥ ಡ್ರೈವುಗಳ ಕೆಲಸ ನಮ್ಮ ಊರಿನ ಹತ್ತಿರಕ್ಕೂ ಬಂದಿದೆ. ಮೈಕ್ರಾನ್ ಕಂಪನಿ 2023ರ ಸೆಪ್ಟೆಂಬರಿನಲ್ಲಿ ಅಹಮದಾಬಾದಿನ ಪಕ್ಕದ ಸಾಣಂದದಲ್ಲಿ ಕಾರ್ಖಾನೆಗೆ ಭೂಮಿಪೂಜೆ ಮಾಡಿತು. ಒಟ್ಟು 275 ಕೋಟಿ ಡಾಲರಿನ ಯೋಜನೆ. ಅರ್ಧ ಕೇಂದ್ರದ ನೆರವು, ಐದನೆಯ ಒಂದು ಪಾಲು ಗುಜರಾತಿನದು. ಚಿಪ್ ಹುಟ್ಟುವುದು ಇಲ್ಲಿ ಅಲ್ಲ. ಬೇರೆಡೆಯಿಂದ ಬಂದ ಚಿಪ್ ತುಂಬಿದ ಬಿಲ್ಲೆಗಳನ್ನು ಕತ್ತರಿಸಿ, ಕವಚ ತೊಡಿಸಿ, ಪರೀಕ್ಷಿಸಿ, ಮೆಮೊರಿ ಮತ್ತು ಎಸ್‌ಎಸ್‌ಡಿ ಮಾಡುವ ಕೆಲಸ.

ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದದ್ದು. ಹಾರ್ಡ್ ಡಿಸ್ಕಿನಲ್ಲಿ ತಪ್ಪಿ ಅಳಿಸಿದ ಕಡತವನ್ನು ಬಲ್ಲವರು ಎಷ್ಟೋ ಸಲ ಮೇಲೆತ್ತಿ ಕೊಡುತ್ತಿದ್ದರು, ಏಕೆಂದರೆ ಹೆಸರು ಹೋದರೂ ಬರಹ ಅಲ್ಲೇ ಇರುತ್ತಿತ್ತು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಓಡಿದ ಮೇಲೆ ಆ ಆಸೆ ಇಟ್ಟುಕೊಳ್ಳಬೇಡಿ. ಡ್ರೈವ್ ಸಾಯುವ ರೀತಿಯೂ ಬೇರೆ: ಹಾರ್ಡ್ ಡಿಸ್ಕ್ ಕಟಕಟ ಸದ್ದು ಮಾಡಿ ಮುನ್ಸೂಚನೆ ಕೊಡುವುದುಂಟು, ಎಸ್‌ಎಸ್‌ಡಿ ರಾತ್ರಿ ಚೆನ್ನಾಗಿದ್ದು ಬೆಳಿಗ್ಗೆ ಕಾಣದೆ ಹೋಗಬಹುದು. ನೋಎಟೈಮ್ ಬಗ್ಗೆ ಮೂರು ದಿನ ವಾದ ಮಾಡುವವರು ಬ್ಯಾಕಪ್ ಎಂದೊಡನೆ ನಾಳೆ ಮಾಡೋಣ ಎನ್ನುವುದನ್ನು ನೋಡಿದ್ದೇನೆ.

ತೆಗೆದ ಹಳೆಯ ಹಾರ್ಡ್ ಡಿಸ್ಕನ್ನು ಅದಕ್ಕೇ ಬಳಸಿ. ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತದೆ. ಮೊದಲು ಅದು ಆರೋಗ್ಯವಾಗಿದೆಯೇ ಎಂದು ಸ್ಮಾರ್ಟ್‌ಸಿಟಿಎಲ್‌ನಿಂದ ನೋಡಿ. ನಿಧಾನವಾದ ಡಿಸ್ಕ್ ವಾರಕ್ಕೊಮ್ಮೆ ನಕಲು ತೆಗೆಯಲು ಧಾರಾಳ ಸಾಕು. ಮಿಂಟ್‌ನಲ್ಲಿ ಬ್ಯಾಕಪ್ ಟೂಲ್, ಉಬುಂಟುವಿನಲ್ಲಿ ದೇಜಾ ಡುಪ್ ಎಂಬುದು ಸಿಗುತ್ತದೆ. ಟರ್ಮಿನಲ್ ಬಲ್ಲವರಿಗೆ ಆರ್‌ಸಿಂಕ್. ನಕಲು ಮುಗಿದ ಮೇಲೆ ಅದರೊಳಗಿನ ಒಂದು ಫೋಟೋ, ಒಂದು ಪತ್ರ ತೆರೆದು ನೋಡಿ. ತೆರೆದರೆ ಪೆಟ್ಟಿಗೆಯ ತಂತಿ ಕಳಚಿ ಬೇರೆ ಕೋಣೆಯಲ್ಲಿಡಿ.